ಬ್ಯಾಡಗಿ ಮೆಣಸಿನಕಾಯಿ ಪೇಟೆ: ಭಾನುವಾರದಿಂದ ಮಂಗಳವಾರದವರೆಗೆ

ಭಾನುವಾರ: ಹುಬ್ಬಳ್ಳಿ, ದಾರಿ, ಸಂಜೆಯ ಅಂಗಳ

ಹಾವೇರಿ ಜಿಲ್ಲೆಯ ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ (ಎಪಿಎಂಸಿ) ಒಣಮೆಣಸಿನಕಾಯಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಬೇರೆ ದಿನ ಹೋದರೆ ತೂಕ, ಲೋಡಿಂಗ್, ಬೀಗ ಹಾಕಿದ ಗೋದಾಮು ಕಾಣುತ್ತವೆಯೇ ಹೊರತು ಪೇಟೆ ಕಾಣುವುದಿಲ್ಲ. ಹಾಗಾಗಿ ಈ ಪ್ರವಾಸ ಭಾನುವಾರವೇ ಶುರುವಾಗಬೇಕು. ಗುರುವಾರದ ಪೇಟೆಯೂ ದೊಡ್ಡದೇ, ಆದರೆ ವಾರಾಂತ್ಯದ ರಜೆಯ ಜೊತೆ ಒಂದೆರಡು ದಿನ ಸೇರಿಸಿಕೊಳ್ಳುವವರಿಗೆ ಸೋಮವಾರ ಅನುಕೂಲ. ತಿಂಗಳ ವಿಷಯಕ್ಕೆ ಬಂದರೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಡಿಸೆಂಬರ್‌ನಲ್ಲಿ ಹೊಸ ಮಾಲು ಬರತೊಡಗುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಕಡೆಯ ಬಿಡಿಸಿನ (ಕೊಯ್ಲಿನ) ಕಾಯಿ ಬರುತ್ತದೆ. ಮಳೆಗಾಲದಲ್ಲಿ ನಡೆಯುವ ವ್ಯಾಪಾರ ಬಹುಪಾಲು ಕೋಲ್ಡ್ ಸ್ಟೋರೇಜಿನಿಂದ ಹೊರತೆಗೆದ ಮಾಲಿನದು. ಆಗ ನೋಡಲು ಹೆಚ್ಚೇನೂ ಇರುವುದಿಲ್ಲ.

ರೈಲಿನಲ್ಲಿ ಬರುವವರು ಹುಬ್ಬಳ್ಳಿಯಲ್ಲಿ ಇಳಿಯುವುದು ಒಳ್ಳೆಯದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇಲ್ಲೇ ಇದೆ. ನಿಮ್ಮ ಬೋಗಿ ಯಾವ ತುದಿಯಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಹೊರಬಾಗಿಲಿಗೆ ನಡೆಯುವ ದೂರ ಸಾಕಷ್ಟು ಬದಲಾಗುತ್ತದೆ, ಸಾಮಾನಿದ್ದರೆ ಇದನ್ನು ನೆನಪಿಡಿ. ಬ್ಯಾಡಗಿಗೂ ರೈಲು ನಿಲ್ದಾಣವಿದೆ. ಆದರೆ ಅಲ್ಲಿ ನಿಲ್ಲುವ ಗಾಡಿಗಳು ಕಡಿಮೆ, ವೇಳಾಪಟ್ಟಿ ನೋಡಿಕೊಂಡೇ ಹೊರಡಬೇಕು.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಗಂಟೆ ಕಳೆಯಿರಿ. ಗಿರ್ಮಿಟ್ ಮತ್ತು ಮಿರ್ಚಿ ತಿನ್ನುವುದಕ್ಕೆ ಮಾತ್ರವಲ್ಲ. ಸುತ್ತಮುತ್ತಲಿನ ಕಿರಾಣಿ ಅಂಗಡಿಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಾದ ಡಬ್ಬಿ, ಕಡ್ಡಿ, ಜೊತೆಗೆ ಗುಂಟೂರು, ಈ ಮೂರನ್ನೂ ನೂರು ನೂರು ಗ್ರಾಂ ಬೇರೆ ಬೇರೆ ಪೊಟ್ಟಣದಲ್ಲಿ ಕಟ್ಟಿಸಿಕೊಳ್ಳಿ, ಕಿಲೋ ದರವನ್ನು ಪೊಟ್ಟಣದ ಮೇಲೆಯೇ ಬರೆಸಿ. ಮರುದಿನ ಸಾವಿರಾರು ಚೀಲದ ನಡುವೆ ನಿಂತಾಗ ಕಣ್ಣಿಗೆ ಹೋಲಿಸಲು ಕೈಯಲ್ಲೊಂದು ಮಾದರಿ ಇರಬೇಕು. ಇಲ್ಲದಿದ್ದರೆ ಎಲ್ಲವೂ ಒಂದೇ ಕೆಂಪಾಗಿ ಕಾಣುತ್ತದೆ.

ಮೂರನ್ನೂ ಬಿಳಿ ಕಾಗದದ ಮೇಲೆ ಹರವಿ ನೋಡಿ. ಡಬ್ಬಿ ಗಿಡ್ಡ, ದಪ್ಪ, ಮೈತುಂಬ ಸುಕ್ಕು. ಬೀಜ ಕಡಿಮೆ, ಬಣ್ಣ ಕಡುಗೆಂಪು. ಕಡ್ಡಿ ಉದ್ದ, ತೆಳು, ತುದಿ ಚೂಪು. ಸುಕ್ಕು ಇದಕ್ಕೂ ಇದೆ. ಗುಂಟೂರಿನ ಕಾಯಿಯ ಸಿಪ್ಪೆ ನುಣುಪು, ಖಾರ ಜಾಸ್ತಿ. ಬಣ್ಣವನ್ನು ಅಳೆಯುವ ಮಾಪಕಕ್ಕೆ ಆಸ್ಟಾ ಎನ್ನುತ್ತಾರೆ. ಮಸಾಲೆ ಮಂಡಳಿಯ ಪಟ್ಟಿಯಲ್ಲಿ ಬ್ಯಾಡಗಿ ಕಾಯಿಯ ಆಸ್ಟಾ 160ರ ಆಸುಪಾಸು, ಗುಂಟೂರು ಸಣ್ಣಂ 32ರ ಆಸುಪಾಸು. ಖಾರದಲ್ಲಿ ಲೆಕ್ಕ ತಿರುಗಾಮುರುಗಾ, ಬ್ಯಾಡಗಿಯದು ನಗಣ್ಯ. ಇಡೀ ಪೇಟೆಯನ್ನು ಅರ್ಥ ಮಾಡಿಕೊಳ್ಳಲು ಈ ಒಂದು ಮಾತು ಸಾಕು: ಬ್ಯಾಡಗಿಯಲ್ಲಿ ಮಾರಾಟವಾಗುವುದು ಖಾರವಲ್ಲ, ಬಣ್ಣ. ನಾಳೆ ಕಾಣುವ ಪ್ರತಿ ರೂಪಾಯಿ ಏರಿಳಿತದ ಹಿಂದೆ ಬಣ್ಣ ಉಳಿದಿದೆಯೋ ಕಳೆದಿದೆಯೋ ಎಂಬ ಪ್ರಶ್ನೆ ಇರುತ್ತದೆ.

ಹುಬ್ಬಳ್ಳಿಯಿಂದ ಹಾವೇರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 75 ಕಿಲೋಮೀಟರ್. ಹಾವೇರಿ ಬಸ್ ನಿಲ್ದಾಣದಿಂದ ಬ್ಯಾಡಗಿಗೆ ಬಸ್ಸುಗಳಿವೆ. ಸ್ವಂತ ಗಾಡಿಯಲ್ಲಾದರೆ ಹಾವೇರಿ ದಾಟಿ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಬೇಕು. ಮೋಟೆಬೆನ್ನೂರು ಮೈಲಾರ ಮಹದೇವಪ್ಪನವರ ಊರು. 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರು. ಹಾವೇರಿ ರೈಲು ನಿಲ್ದಾಣಕ್ಕೆ ಈಗ ಅವರದೇ ಹೆಸರು.

ಸೀಸನ್ನಿನಲ್ಲಿ ಭಾನುವಾರ ಸಂಜೆಯ ಹೊತ್ತಿಗೆ ಈ ತಿರುವಿನಿಂದ ಮುಂದೆ ಗಾಡಿ ನಿಧಾನವಾಗುತ್ತದೆ. ಚೀಲಗಳನ್ನು ಗೋಪುರದಂತೆ ಪೇರಿಸಿದ ಲಾರಿ, ಟ್ರ್ಯಾಕ್ಟರ್ ಸಾಲುಗಟ್ಟಿರುತ್ತವೆ. ನೋಂದಣಿ ಫಲಕ ಓದುತ್ತ ಹೋಗಿ: ಬಳ್ಳಾರಿ, ರಾಯಚೂರು, ಗದಗ, ಆಂಧ್ರದ ಗಾಡಿಗಳು. ಬ್ಯಾಡಗಿ ಹೆಸರಿನ ಕಾಯಿ ಬ್ಯಾಡಗಿ ತಾಲ್ಲೂಕಿನಲ್ಲಿ ಬೆಳೆಯುವುದು ಈಗ ಬಲು ಕಡಿಮೆ. ಅದರ ಹಳೆಯ ನೆಲೆ ಕುಂದಗೋಳ, ಅಣ್ಣಿಗೇರಿ, ಶಿರಹಟ್ಟಿ ಕಡೆಯ ಎರೆಹೊಲಗಳು. ಮಳೆಯನ್ನೇ ನಂಬಿ ಬೆಳೆದ ಅಲ್ಲಿನ ಡಬ್ಬಿಗೆ ಇವತ್ತಿಗೂ ಪೇಟೆಯಲ್ಲಿ ಬೇರೆಯೇ ಮರ್ಯಾದೆ. ನೀರಾವರಿ ಸೀಮೆಯಿಂದ ಬರುವ ದೊಡ್ಡ ರಾಶಿಗಳಲ್ಲಿ ಹೈಬ್ರಿಡ್ ತಳಿಗಳೇ ಹೆಚ್ಚು. ವ್ಯಾಪಾರಿಗಳ ಬಾಯಲ್ಲಿ ಅವು ಬರೀ ಅಂಕಿಗಳು: 2043, 5531. ಮೊದಲನೆಯದು ಸುಕ್ಕಿನಲ್ಲೂ ಬಣ್ಣದಲ್ಲೂ ಬ್ಯಾಡಗಿ ಜಾತಿಗೆ ಹತ್ತಿರ, ಎರಡನೆಯದು ಖಾರದ ಜಾತಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ ನಿಜ, ಆದರೆ ಚೀಲದ ಮೇಲೆ ಆ ಮುದ್ರೆ ಹುಡುಕಬೇಡಿ. ಇಲ್ಲಿ ಜಾತಿಯನ್ನು ತೀರ್ಮಾನಿಸುವುದು ನೋಡುವವನ ಕಣ್ಣು ಮತ್ತು ಬೆರಳು.

ಊರಲ್ಲಿ ವಸತಿಗೃಹಗಳು ಕಡಿಮೆ, ಸೀಸನ್ನಿನಲ್ಲಿ ಹೊರಗಿನ ಖರೀದಿದಾರರಿಂದ ತುಂಬಿರುತ್ತವೆ. ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಕೋಣೆ ಹಿಡಿದು ಬೆಳಿಗ್ಗೆ ಬೇಗ ಬರುವುದೇ ಸಲೀಸು. ಆದರೂ ಭಾನುವಾರ ಸಂಜೆ ಒಮ್ಮೆ ಅಂಗಳಕ್ಕೆ ಬಂದು ಹೋಗಿ. ಲಾರಿಯಿಂದ ಚೀಲ ಇಳಿದು ದಲಾಲಿ ಅಂಗಡಿಯ ಮುಂದೆ ಸಾಲು ಕಟ್ಟುವುದನ್ನು ಸಮಾಧಾನವಾಗಿ ನೋಡಲು ಸಿಗುವುದು ಆಗ ಮಾತ್ರ. ಒಬ್ಬ ರೈತನ ಒಂದೇ ಗುಣದ ಮಾಲು ಒಂದು ಲಾಟ್. ಅದರಲ್ಲಿ ಐದು ಚೀಲ ಇರಬಹುದು, ಐವತ್ತೂ ಇರಬಹುದು. ತಿಳಿದ ರೈತರು ಹೊಲದಲ್ಲೇ ಒಂದನೇ ಬಿಡಿಸು, ಎರಡನೇ ಬಿಡಿಸು, ಬಿಳಿಗಾಯಿ (ಬಣ್ಣ ಕಳೆದ ಕಾಯಿ) ಎಂದು ಬೇರೆ ಮಾಡಿ ತರುತ್ತಾರೆ. ಎಲ್ಲವನ್ನೂ ಬೆರೆಸಿ ತಂದವರ ಒಳ್ಳೆಯ ಕಾಯಿಗೂ ಕೆಟ್ಟ ಕಾಯಿಯ ದರವೇ ಬೀಳುತ್ತದೆ.

ಸೋಮವಾರ: ಟೆಂಡರ್

ಹೊರಡುವ ಮುನ್ನ ಮೈಮೇಲಿನ ತಯಾರಿ. ಮೂಗು-ಬಾಯಿಗೆ ಮಾಸ್ಕ್ ಬೇಕೇ ಬೇಕು, ಮೇಲೊಂದು ಹತ್ತಿಯ ಟವೆಲ್ ಇದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ಲೆನ್ಸ್ ಹಾಕುವವರು ಅದನ್ನು ಕೋಣೆಯಲ್ಲೇ ಬಿಟ್ಟು ಕನ್ನಡಕ ಹಾಕಿಕೊಳ್ಳಿ. ತುಂಬು ತೋಳಿನ ಅಂಗಿ, ಮುಚ್ಚಿದ ಚಪ್ಪಲಿ. ಆಸ್ತಮಾ ಇರುವವರು ಮತ್ತು ಎಳೆ ಮಕ್ಕಳು ಅಂಗಳದೊಳಗೆ ಹೋಗದಿರುವುದೇ ಲೇಸು. ಬ್ಯಾಡಗಿ ಕಾಯಿಗೆ ಖಾರ ಕಡಿಮೆ ಎಂದು ಕೆಲವರು ಹಾಗೇ ಬರುತ್ತಾರೆ. ಆದರೆ ಅದೇ ಅಂಗಳದಲ್ಲಿ ಖಾರದ ತಳಿಗಳೂ ಇರುತ್ತವೆ, ಗಾಳಿಯಲ್ಲಿ ತೇಲುವ ಧೂಳು ಎರಡರದ್ದೂ. ಕೈಗೆ ಘಾಟು ಹತ್ತಿದರೆ ಬರೀ ನೀರಿನಲ್ಲಿ ತೊಳೆದು ಪ್ರಯೋಜನವಿಲ್ಲ. ಖಾರದ ಅಂಶ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಸ್ವಲ್ಪ ಕೊಬ್ಬರಿ ಎಣ್ಣೆ ಉಜ್ಜಿ ಒರೆಸಿ, ಆಮೇಲೆ ಸಾಬೂನು. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ.

ಬೆಳಿಗ್ಗೆ ಬೇಗ ಒಳಗಿರಬೇಕು. ಆಗ ಚೀಲಗಳ ಬಾಯಿ ಬಿಚ್ಚಿ ಕಾಯಿಯನ್ನು ಮೇಲೆ ಹರವಿರುತ್ತಾರೆ, ಪ್ರತಿ ಲಾಟಿಗೂ ನಂಬರಿನ ಚೀಟಿ ಬಿದ್ದಿರುತ್ತದೆ. ಖರೀದಿದಾರರು ಒಂದು ಕೈಯಲ್ಲಿ ಲಾಟ್ ಪಟ್ಟಿ, ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಾರೆ. ಕೂಗಾಟದ ಹರಾಜನ್ನು ನಿರೀಕ್ಷಿಸಿ ಬಂದವರಿಗೆ ಇದು ಮೊದಲು ಸಪ್ಪೆ ಎನಿಸಬಹುದು. ಇಲ್ಲಿ ದರ ಕೂಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ದರವನ್ನು ಲಾಟ್ ನಂಬರಿನ ಎದುರು ಗುಟ್ಟಾಗಿ ಬರೆದುಕೊಂಡು ಇ-ಟೆಂಡರ್‌ಗೆ ಹಾಕುತ್ತಾರೆ. ಹೊತ್ತು ಮುಗಿದ ಮೇಲೆ ಅತಿ ಹೆಚ್ಚು ದರ ಹಾಕಿದವರ ಹೆಸರಿಗೆ ಲಾಟ್ ಹೋಗುತ್ತದೆ. ಹಾಗಾಗಿ ನೋಡಬೇಕಾದ್ದು ಬಾಯಿಯನ್ನಲ್ಲ, ಕೈಯನ್ನು.

ಒಬ್ಬ ಅನುಭವಿ ಖರೀದಿದಾರನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆಯಿರಿ. ಆತ ಮೇಲಿನ ಕಾಯಿ ಮುಟ್ಟುವುದಿಲ್ಲ. ಮೊಳಕೈವರೆಗೆ ಕೈ ಇಳಿಸಿ ಚೀಲದ ನಡುವಿನ ಹಿಡಿ ತೆಗೆಯುತ್ತಾನೆ, ಏಕೆಂದರೆ ಮೇಲೆ ಕೆಂಪು, ಒಳಗೆ ಬಿಳಿ ತುಂಬಿದ ಚೀಲಗಳಿರುತ್ತವೆ. ಹಿಡಿಯನ್ನು ಒತ್ತಿ ಬಿಡುತ್ತಾನೆ. ಹದವಾಗಿ ಒಣಗಿದ ಕಾಯಿ ಬಾಗಿ ಮತ್ತೆ ಅರಳುತ್ತದೆ, ಅಲುಗಿಸಿದರೆ ಬೀಜ ಸದ್ದು ಮಾಡುತ್ತದೆ. ಹಸಿ ಇದ್ದರೆ ಒಂದಕ್ಕೊಂದು ಅಂಟುತ್ತದೆ, ಅತಿಯಾಗಿ ಒಣಗಿದ್ದರೆ ಪುಡಿಪುಡಿ. ಆಮೇಲೆ ಒಂದು ಕಾಯಿಯನ್ನು ಉದ್ದಕ್ಕೆ ಸೀಳಿ ಒಳಗಿನ ಗೋಡೆ ನೋಡುತ್ತಾನೆ, ಮೂಸುತ್ತಾನೆ. ಬೂದು ಅಥವಾ ಕಪ್ಪು ಪುಡಿ ಕಂಡರೆ ಬೂಷ್ಟು. "ಮಾಲ್ ಹಸಿ ಐತಿ" ಎಂಬ ಒಂದು ಮಾತು ಆ ಲಾಟಿನ ದರವನ್ನು ಕ್ವಿಂಟಲ್‌ಗೆ ಸಾವಿರಗಟ್ಟಲೆ ಇಳಿಸಬಲ್ಲದು.

ಹಸಿಯ ಹಿಂದೆ ಯಾವಾಗಲೂ ಮೋಸವೇ ಇರುತ್ತದೆ ಎಂದುಕೊಳ್ಳಬೇಡಿ. ಬಿಸಿಲಲ್ಲಿ ಗರಿಗರಿಯಾದ ಕಾಯಿಯನ್ನು ಹಾಗೇ ಚೀಲಕ್ಕೆ ತುಳಿದು ತುಂಬಿದರೆ ಅರ್ಧ ಒಡೆದು ಬೀಜ ಉದುರುತ್ತದೆ. ಅದಕ್ಕಾಗಿ ತುಂಬುವ ಮೊದಲು ನೀರು ಚಿಮುಕಿಸಿ ಮೆತ್ತಗೆ ಮಾಡುವ ರೂಢಿ ಇದೆ. ತೂಕಕ್ಕಾಗಿ ನೀರು ಹೊಡೆಯುವವರೂ ಇದ್ದಾರೆ. ಉದ್ದೇಶ ಯಾವುದಾದರೂ ಪರಿಣಾಮ ಒಂದೇ. ತೇವಾಂಶ ಶೇಕಡಾ 10–11ರ ಮೇಲೆ ಹೋದ ಮಾಲು ಚೀಲದೊಳಗೆ ಬಿಸಿಯಾಗಿ ಶಿಲೀಂಧ್ರ ಹಿಡಿಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಹಾಗಾಗಿ ರಫ್ತಿನವರು ಹಸಿ ಲಾಟಿನ ಕಡೆ ತಿರುಗಿಯೂ ನೋಡುವುದಿಲ್ಲ. ನೀರಿನ ಬದಲು ಇಬ್ಬನಿ ಬಿದ್ದ ಒಂದು ಬೆಳಗಿನ ಜಾವ ಕಾಯಿಯನ್ನು ಹೊರಗೆ ಬಿಟ್ಟು, ಅದು ತಾನಾಗಿ ಮೆತ್ತಗಾದಾಗ ತುಂಬಿದರೆ ಎರಡು ಕಡೆಯ ನಷ್ಟವೂ ತಪ್ಪುತ್ತದೆ.

ಬಿಳಿಗಾಯಿ ಎಂದರೆ ಬಣ್ಣ ಕಳೆದುಕೊಂಡ ಕಾಯಿ. ಕಣದಲ್ಲಿ ಒಣಗುತ್ತಿರುವಾಗ ಅಕಾಲ ಮಳೆ ಬಿದ್ದರೆ, ಗಿಡಕ್ಕೆ ರೋಗ ಬಂದರೆ, ಪೂರ್ತಿ ಹಣ್ಣಾಗುವ ಮೊದಲೇ ಬಿಡಿಸಿದರೆ ಮೈಮೇಲೆ ಬಿಳಿ-ಹಳದಿ ತೇಪೆ ಬೀಳುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣುಗಾಯಿ ಒಣಗಿ ಒಂದು ಕಿಲೋ ಆಗುವುದು. ಅಷ್ಟು ದಿನದ ಬಿಸಿಲು, ಮಗುಚುವ ಕೆಲಸ, ರಾತ್ರಿ ತಾಡಪತ್ರಿ ಹೊದಿಸುವ ಕಾವಲು ಎಲ್ಲ ಒಂದು ಮಳೆಗೆ ಹೋಗುತ್ತದೆ. ಒಂದೇ ಅಂಗಳದಲ್ಲಿ ಒಂದೇ ದಿನ ಬಿಳಿಗಾಯಿ ಕ್ವಿಂಟಲ್‌ಗೆ ಎರಡು-ಮೂರು ಸಾವಿರಕ್ಕೂ, ಮೇಲ್ದರ್ಜೆಯ ಡಬ್ಬಿ ಅದರ ಹತ್ತು ಪಟ್ಟಿಗೂ ಹೋಗುವುದುಂಟು. ಪತ್ರಿಕೆಯಲ್ಲಿ ಬರುವ "ಬ್ಯಾಡಗಿ ದರ ಇಷ್ಟು" ಎಂಬ ಒಂದೇ ಅಂಕಿಯನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದು ಎನ್ನುವುದು ಇದಕ್ಕೇ.

ಅಂಗಳದಲ್ಲಿ ನಡೆದುಕೊಳ್ಳುವ ರೀತಿಯೂ ಇದೆ. ಹರವಿದ ಕಾಯಿಯ ಮೇಲೆ ಕಾಲಿಡಬೇಡಿ, ಕೇಳದೆ ಹಿಡಿ ತೆಗೆಯಬೇಡಿ. ಅದು ರೈತನ ತೂಕ. ಬೆನ್ನ ಮೇಲೆ ಚೀಲ ಹೊತ್ತ ಹಮಾಲರಿಗೆ ಮುಂದಿನ ನಾಲ್ಕು ಅಡಿ ನೆಲ ಬಿಟ್ಟು ಬೇರೇನೂ ಕಾಣುವುದಿಲ್ಲ, "ಸರೀರಿ" ಎಂಬ ಕೂಗು ಕೇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ. ಕೈಯಲ್ಲಿ ಕಬ್ಬಿಣದ ಕೊಕ್ಕೆ ಇರುತ್ತದೆ, ತಿರುಗುವಾಗ ತಾಗೀತು. ಫೋಟೋಗೆ ಮೊದಲು ಕೇಳಿ: "ಅಕ್ಕಾರ, ಒಂದ್ ಫೋಟೋ ತಗೋಬಹುದೇನ್ರಿ?" ಕೇಳಿದರೆ ಬೇಡ ಎನ್ನುವವರು ಕಡಿಮೆ. ಆದರೆ ದರ ಬರೆಯುತ್ತಿರುವ ಖರೀದಿದಾರನ ಪಟ್ಟಿಯ ಕಡೆ ಕ್ಯಾಮೆರಾ ತಿರುಗಿಸಲೇಬಾರದು. ಆ ಹಾಳೆಯ ಗುಟ್ಟಿನ ಮೇಲೆಯೇ ಟೆಂಡರ್ ನಿಂತಿದೆ.

ಮಧ್ಯಾಹ್ನ ಹೊತ್ತು ಮುಗಿದು ಫಲಿತಾಂಶ ಬರುವವರೆಗೆ ಅಂಗಳ ಸ್ವಲ್ಪ ತಣ್ಣಗಾಗುತ್ತದೆ. ಖಾನಾವಳಿಗೆ ಹೋಗಲು ಇದೇ ಸಮಯ. ಜೋಳದ ರೊಟ್ಟಿ, ಎಣ್ಣೆಗಾಯಿ, ಪಕ್ಕದಲ್ಲಿ ರಂಜಕ. ರಂಜಕಕ್ಕೆ ಒಣಕಾಯಿ ಅಲ್ಲ, ಹಸಿಯಾದ ಕೆಂಪು ಹಣ್ಣುಗಾಯಿಯನ್ನು ಬೆಳ್ಳುಳ್ಳಿ, ಉಪ್ಪು, ಲಿಂಬೆಹುಳಿ ಹಾಕಿ ಅರೆಯುತ್ತಾರೆ. ಸೀಸನ್ನಿನಲ್ಲಿ ಅದರ ಬಣ್ಣವನ್ನು ನೋಡಿಯೇ ಒಂದು ರೊಟ್ಟಿ ಹೆಚ್ಚು ಇಳಿಯುತ್ತದೆ.

ದರ ಘೋಷಣೆಯಾದ ಮೇಲೆ ರೈತರ ಮುಖ ನೋಡುವುದು ಸುಲಭವಲ್ಲ. ಬಂದ ದರ ಒಪ್ಪಿಗೆಯಾಗದಿದ್ದರೆ ಮಾರಲೇಬೇಕು ಎಂದಿಲ್ಲ. ಲಾಟನ್ನು ಹಿಡಿದಿಟ್ಟು ಮುಂದಿನ ಟೆಂಡರ್‌ಗೆ ಕಾಯಬಹುದು, ಕೋಲ್ಡ್ ಸ್ಟೋರೇಜಿಗೆ ಹಾಕಬಹುದು. ಆದರೆ ನೂರಾರು ಕಿಲೋಮೀಟರ್ ದೂರದಿಂದ ಲಾರಿ ಬಾಡಿಗೆ ಕೊಟ್ಟು ಬಂದವರಿಗೆ ಕಾಯುವ ಶಕ್ತಿ ಇರುವುದು ಅಪರೂಪ. 2024ರ ಮಾರ್ಚ್ 11, ಅದೂ ಸೋಮವಾರವೇ, ದರ ಒಮ್ಮೆಲೇ ಕುಸಿಯಿತೆಂದು ರೈತರ ಆಕ್ರೋಶ ಭುಗಿಲೆದ್ದು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಬಿತ್ತು. ಅದಕ್ಕೂ ಎರಡು ವರ್ಷ ಹಿಂದೆ ಕಪ್ಪು ಥ್ರಿಪ್ಸ್ ಎಂಬ ಕೀಟದ ಹಾವಳಿಯಿಂದ ಇಳುವರಿ ಬಿದ್ದು ದರ ಏರಿತ್ತು. ಏರಿದ ದರ ನೋಡಿ ಬಿತ್ತನೆ ಹೆಚ್ಚುತ್ತದೆ, ಹೆಚ್ಚಿದ ಮಾಲು ಒಮ್ಮೆಗೇ ಅಂಗಳಕ್ಕೆ ಬರುತ್ತದೆ. ಒಂದೇ ದಿನ ಲಕ್ಷಗಟ್ಟಲೆ ಚೀಲ ಬಂದಾಗ ಪ್ರತಿ ಚೀಲದ ನಡುವಿಗೂ ಕೈ ಇಳಿಸಿ ನೋಡಲು ಯಾರಿಗೂ ಹೊತ್ತಿಲ್ಲ. ಅನುಮಾನ ಬಂದ ಲಾಟಿಗೆ ಕಡಿಮೆ ಬರೆದು ಮುಂದೆ ಹೋಗುತ್ತಾರೆ. ಒಳ್ಳೆಯ ಮಾಲು ತಂದ ಸಣ್ಣ ರೈತ ಪೆಟ್ಟು ತಿನ್ನುವುದು ಹೀಗೆ. ಆವಕ ಜಾಸ್ತಿ ಇರುವ ದಿನ ಆತನ ಶ್ರಮಕ್ಕೆ ಬೆಲೆ ಕಟ್ಟುವ ಕಣ್ಣೇ ಸಿಗುವುದಿಲ್ಲ.

ಸಂಜೆ ತೂಕ. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚೀಲ ಏರುತ್ತದೆ, ಅಂಕಿ ಚೀಟಿಗೆ ಇಳಿಯುತ್ತದೆ, ಚೀಲ ಹೊಲಿದು ಲಾರಿಗೆ. ರಾತ್ರಿ ತಡವಾಗುವವರೆಗೂ ಇದು ನಡೆಯುತ್ತದೆ.

ಮಂಗಳವಾರ: ತೊಟ್ಟು, ತಂಪು, ಕೊಳ್ಳುವುದು

ಮರುದಿನ ಊರಿನ ಓಣಿಗಳಲ್ಲಿ, ಗೋದಾಮುಗಳ ಒಳಗೆ ಹೆಂಗಸರು ಗುಂಪಾಗಿ ಕೂತು ತೊಟ್ಟು ಬಿಡಿಸುತ್ತಿರುತ್ತಾರೆ. ಮೂಗಿಗೆ ಸೆರಗು, ಮುಂದೆ ಕಾಯಿಯ ರಾಶಿ, ಕೂಲಿ ಕಿಲೋ ಲೆಕ್ಕ. ಪುಡಿ ಮಾಡುವವರಿಗೂ ರಫ್ತಿನವರಿಗೂ ತೊಟ್ಟಿಲ್ಲದ ಕಾಯಿ ಬೇಕು, ದಾಸ್ತಾನು ಮಾಡುವವರಿಗೆ ತೊಟ್ಟಿರುವುದೇ ಬೇಕು. ತೊಟ್ಟು ಕಿತ್ತ ತೂತಿನಿಂದ ತೇವ, ಹುಳ ಎರಡೂ ಒಳಗೆ ಹೋಗುತ್ತವೆ. ಈ ಹೆಂಗಸರ ಬೆರಳಿಲ್ಲದೆ ಬ್ಯಾಡಗಿಯ ವ್ಯಾಪಾರ ಒಂದು ದಿನವೂ ನಡೆಯದು. ಪೇಟೆಯ ಬಗ್ಗೆ ಮಾತಾಡುವವರು ದರದ ಜೊತೆಗೆ ಇವರ ಕೂಲಿಯನ್ನೂ, ಕೆಮ್ಮನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಊರ ಸುತ್ತಲಿನ ದೊಡ್ಡ ಕಿಟಕಿಯಿಲ್ಲದ ಕಟ್ಟಡಗಳೇ ಕೋಲ್ಡ್ ಸ್ಟೋರೇಜುಗಳು. ಕಾಯಿಯ ಕೆಂಪು ಬೆಳಕು, ಬಿಸಿ, ಗಾಳಿ ಮೂರಕ್ಕೂ ಹೆದರುತ್ತದೆ. ಹೊರಗೆ ಮಾಮೂಲಿ ಗೋದಾಮಿನಲ್ಲಿಟ್ಟ ಮಾಲು ಬೇಸಿಗೆ ದಾಟುವಷ್ಟರಲ್ಲಿ ಕಂದು ತಿರುಗುತ್ತದೆ, ತಂಪಿನಲ್ಲಿಟ್ಟದ್ದು ಮುಂದಿನ ಸೀಸನ್‌ವರೆಗೂ ತಡೆಯುತ್ತದೆ. ಬಣ್ಣ ಹೆಚ್ಚಿರುವ ಕಾಯಿಯಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆಯುತ್ತಾರೆ. ಆಹಾರಕ್ಕೆ ಸಹಜ ಕೆಂಪು ಬಣ್ಣವಾಗಿ ಅದು ಹೊರದೇಶಗಳಿಗೆ ಹೋಗುತ್ತದೆ. ಅಪ್ಪಣೆಯಿಲ್ಲದೆ ಈ ಕಟ್ಟಡಗಳೊಳಗೆ ಬಿಡುವುದಿಲ್ಲ, ಪರಿಚಯದ ದಲಾಲರೊಬ್ಬರಿದ್ದರೆ ಕೇಳಿ ನೋಡಬಹುದು.

ಕೊಳ್ಳುವವರು ಟೆಂಡರ್ ಅಂಗಳದಲ್ಲಿ ಎರಡು ಕಿಲೋ ಕೇಳಬೇಡಿ, ಅಲ್ಲಿ ಲೆಕ್ಕ ಲಾಟಿನಲ್ಲಿ. ಪೇಟೆಬೀದಿಯ ಚಿಲ್ಲರೆ ಅಂಗಡಿಗಳಿವೆ, ಮಂಗಳವಾರ ಅವರಿಗೂ ಮಾತಾಡಲು ಬಿಡುವಿರುತ್ತದೆ. ಹುಬ್ಬಳ್ಳಿಯ ಪೊಟ್ಟಣ ಈಗ ಹೊರಗೆ ತೆಗೆಯಿರಿ. ಡಬ್ಬಿ ಎಂದು ಕೊಟ್ಟದ್ದನ್ನು ಪಕ್ಕದಲ್ಲಿಟ್ಟು ಸುಕ್ಕು, ಅಗಲ, ಬೀಜ ಹೋಲಿಸಿ. ಐದು ಕಾಯಿ ಸೀಳಿ ನೋಡಿ. ಒಂದು ಕಾಯಿಯನ್ನು ಲೋಟದ ತಣ್ಣೀರಿಗೆ ಹಾಕಿ. ಮೆಣಸಿನಕಾಯಿಯ ಸಹಜ ಬಣ್ಣ ಎಣ್ಣೆಗೆ ಬಿಡುತ್ತದೆ, ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಕೂಡಲೇ ನೀರು ಕೆಂಪಾದರೆ ಬಣ್ಣ ಹಚ್ಚಿದ್ದಾರೆ ಎಂದೇ ಅರ್ಥ. ಆದರೆ ಎಣ್ಣೆಗೆ ಕರಗುವ ಕೃತಕ ಬಣ್ಣ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೇ ಪುಡಿ ಕೊಳ್ಳುವುದಕ್ಕಿಂತ ಇಡೀ ಕಾಯಿ ಕೊಳ್ಳುವುದು ಸುರಕ್ಷಿತ.

ಎಷ್ಟು ಕೊಳ್ಳಬೇಕು? ಸಾರಿನ ಪುಡಿಗೆ ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಎಂಬ ಲೆಕ್ಕ ಬಹಳ ಮನೆಗಳಲ್ಲಿದೆ. ಬರೀ ಬ್ಯಾಡಗಿ ಹಾಕಿದರೆ ಬಣ್ಣ ಬಂದು ಖಾರ ಬರುವುದಿಲ್ಲ, ಆಮೇಲೆ ಪುಡಿಯನ್ನೇ ಹೆಚ್ಚು ಸುರಿದು ಸಾರು ಮಂದವಾಗುತ್ತದೆ. ತೊಟ್ಟಿಗೆ ಕಿಲೋಗೆ 50ರಿಂದ 100 ಗ್ರಾಂ ಹೋಗುತ್ತದೆ ಎಂದು ಹಿಡಿಯಿರಿ. ಒಣಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ಎರಡು ಕಿಲೋಗೇ ಒಂದು ದೊಡ್ಡ ಬಟ್ಟೆಚೀಲ ತುಂಬುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದು ಬಸ್ಸಿನ ಬಿಸಿಯಲ್ಲಿಟ್ಟರೆ ಬೆವರುತ್ತದೆ, ಬಟ್ಟೆ ಅಥವಾ ಗೋಣಿಯೇ ಸರಿ.

ಬ್ಯಾಡಗಿಯಿಂದ ಕಾಗಿನೆಲೆ ಹತ್ತಿರ. ಕನಕದಾಸರ ಕೀರ್ತನೆಗಳ ಅಂಕಿತದಲ್ಲಿರುವ ಆದಿಕೇಶವನ ಗುಡಿಗೆ ಅರ್ಧ ದಿನ ಸಾಕು. ಹಿಂದಿರುಗುವಾಗ ಹಾವೇರಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತಿರುವ ಸಿದ್ಧೇಶ್ವರ ದೇವಾಲಯ, ಚಾಲುಕ್ಯರ ಕಾಲದ್ದು. ಏಲಕ್ಕಿ ಹಾರ ಕಟ್ಟುವ ಮನೆಗಳೂ ಊರಲ್ಲಿವೆ. ಹಾರದ ಏಲಕ್ಕಿಯನ್ನು ಬಿಳುಪುಗೊಳಿಸಿರುತ್ತಾರೆ, ಅಡುಗೆಗೆ ಬೇಕಾದ್ದನ್ನು ಬೇರೆಯೇ ಕೊಳ್ಳಿ.

ಮನೆಗೆ ತಲುಪಿದ ಮೇಲೆ ಮೆಣಸಿನಕಾಯಿಯನ್ನು ಒಂದೆರಡು ದಿನ ಬಿಸಿಲಿಗೆ ಹರವಿ, ತೊಟ್ಟು ತೆಗೆದು, ಸಣ್ಣ ಉರಿಯಲ್ಲಿ ಚಮಚ ಎಣ್ಣೆ ಹಾಕಿ ಬೆಚ್ಚಗೆ ಮಾಡಿ. ಕಪ್ಪಾಗುವಷ್ಟು ಹುರಿದರೆ ಕೊಂಡ ಬಣ್ಣವೆಲ್ಲ ಬಾಣಲೆಗೇ ಹೋಯಿತು. ಗಿರಣಿಯಲ್ಲಿ ಖಾರದ ಪುಡಿಗೆಂದೇ ಇರುವ ಯಂತ್ರದಲ್ಲಿ ಹಾಕಿಸಿ. ಒಂದೇ ಸಲ ನುಣ್ಣಗೆ ಬೀಸಿದರೆ ಪುಡಿ ಕಾದು ಬಣ್ಣ ಕುಗ್ಗುತ್ತದೆ, ಮೊದಲು ತರಿ ಮಾಡಿಸಿ ಆರಿಸಿ ಆಮೇಲೆ ಬೀಸಿಸಿ. ಬಿಸಿ ಪುಡಿಯನ್ನು ಡಬ್ಬಕ್ಕೆ ತುಂಬಬೇಡಿ, ಮುಚ್ಚಳದಲ್ಲಿ ಬೆವರು ಕಟ್ಟಿ ಗಂಟಾಗುತ್ತದೆ. ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹೊರಗಿಟ್ಟು ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಡಿ. ಬಳಸುವ ದಿನ ಡಬ್ಬವನ್ನು ಹೊರಗೆ ತೆಗೆದು, ಅದು ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ಬಿಚ್ಚಬೇಕು.